ಚಿತ್ರಶಾಲೆ ಎಲ್ಲರಿಗೂ ಎಟುಕಲಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಲಾ ಸಂಗ್ರಹಾಲಯಗಳಿಗೆ ಹೋಗಿಬರುವಾಗ ಎದುರಾಗುವ ತೊಡಕುಗಳ ಬಗ್ಗೆ ಓದುಗರು ಬರೆದ ಪತ್ರಗಳಲ್ಲಿ ಕೆಲವನ್ನು ಆಯ್ದು ಈ ಸಂಚಿಕೆಯಲ್ಲಿ ಉತ್ತರಿಸಲಾಗಿದೆ. ಪತ್ರ ಬರೆದವರ ಹೆಸರುಗಳನ್ನು ಪ್ರಕಟಿಸಿಲ್ಲ.

ಪ್ರಶ್ನೆ: ನನ್ನ ತಾಯಿಗೆ ಎಪ್ಪತ್ತೆಂಟು ವರ್ಷ. ಮಂಡಿನೋವಿದ್ದರೂ ಚಿತ್ರ ನೋಡುವ ಆಸೆ ಕುಗ್ಗಿಲ್ಲ. ಈಚೆಗೆ ಒಂದು ಗ್ಯಾಲರಿಗೆ ಕರೆದೊಯ್ದಾಗ ಎರಡನೆಯ ಕೋಣೆಗೆ ಬರುವಷ್ಟರಲ್ಲಿ ಅವರಿಗೆ ನಿಲ್ಲಲಾಗಲಿಲ್ಲ. ಅಲ್ಲಿದ್ದದ್ದು ಕಾವಲುಗಾರರ ಕುರ್ಚಿ ಮಾತ್ರ. ವಯಸ್ಸಾದವರು ಇಂಥ ಜಾಗಗಳಿಗೆ ಬರಬಾರದೆಂದೇ ಅರ್ಥವೇ? (ಮೈಸೂರು)

ಖಂಡಿತ ಅಲ್ಲ. ತಮ್ಮ ತಾಯಿಯವರು ದಣಿದದ್ದಕ್ಕೆ ವಯಸ್ಸೊಂದೇ ಕಾರಣ ಎಂದೂ ತಿಳಿಯಬೇಡಿ. ಅಮೆರಿಕದ ಬಾಸ್ಟನ್ನಿನ ಲಲಿತಕಲಾ ಸಂಗ್ರಹಾಲಯದ ಕಾರ್ಯದರ್ಶಿಯಾಗಿದ್ದ ಬೆಂಜಮಿನ್ ಐವ್ಸ್ ಗಿಲ್ಮನ್ ಅವರು 1916ರಲ್ಲಿ ಇದೇ ದಣಿವಿನ ಬಗ್ಗೆ ಒಂದು ಲೇಖನ ಪ್ರಕಟಿಸಿದರು. ಪ್ರದರ್ಶನದ ವಸ್ತುಗಳನ್ನು ನೋಡುವ ವ್ಯಕ್ತಿಯೊಬ್ಬ ಎಲ್ಲೆಲ್ಲಿ ಬಗ್ಗಬೇಕಾಗುತ್ತದೆ, ಎಲ್ಲೆಲ್ಲಿ ಕುಕ್ಕುರುಗಾಲಿನಲ್ಲಿ ಕೂರಬೇಕಾಗುತ್ತದೆ, ಎಲ್ಲೆಲ್ಲಿ ಕತ್ತು ನೀಕಿ ನೋಡಬೇಕಾಗುತ್ತದೆ ಎಂಬುದನ್ನು ಅವರು ಛಾಯಾಚಿತ್ರಗಳಲ್ಲಿ ಸೆರೆಹಿಡಿದು, ವಸ್ತುಗಳನ್ನು ಜೋಡಿಸುವ ಕ್ರಮವೇ ನೋಡುಗರನ್ನು ದಣಿಸುತ್ತದೆಂದು ತೋರಿಸಿಕೊಟ್ಟರು. ನೂರು ವರ್ಷ ದಾಟಿದ ಮೇಲೂ ಅನೇಕ ಗ್ಯಾಲರಿಗಳಲ್ಲಿ ಕೂರಲು ಒಂದು ಬೆಂಚು ಇಲ್ಲದಿರುವುದು ವಿಷಾದದ ಸಂಗತಿ.

ಸೀಮಿತ ಹಣವಿರುವ ಸಂಸ್ಥೆಯವರು ಮೊದಲು ಏನು ಮಾಡಬೇಕೆಂದು ಕೇಳಿದರೆ, ಪ್ರತಿಯೊಂದು ಕೋಣೆಯಲ್ಲೂ ಕೂರುವ ವ್ಯವಸ್ಥೆ ಮಾಡಿ ಎಂದೇ ನಾನು ಹೇಳುತ್ತೇನೆ. ಅದಕ್ಕೆ ಟೆಂಡರು, ಎಂಜಿನಿಯರು, ಪುರಾತತ್ವ ಇಲಾಖೆಯ ಅನುಮತಿ ಯಾವುದೂ ಬೇಕಿಲ್ಲ. ಆದರೆ ಬೆಂಚು ಹೇಗಿದೆ ಎಂಬುದು ಮುಖ್ಯ. ನೋಡಲು ಅಂದವೆಂದು ತೀರಾ ತಗ್ಗಾದ, ಒರಗು ಇಲ್ಲದ ಕಲ್ಲಿನ ಅಥವಾ ಮರದ ಹಲಗೆ ಹಾಕಿದರೆ ಮಂಡಿನೋವಿರುವವರು ಅದರಲ್ಲಿ ಕೂತಾರು, ಏಳಲಾರರು. ನೆಲದಿಂದ ಸುಮಾರು 45 ಸೆಂಟಿಮೀಟರ್ ಎತ್ತರ, ಬೆನ್ನಿಗೆ ಒರಗು, ಊರಿಕೊಂಡು ಏಳಲು ಎರಡೂ ಬದಿಯಲ್ಲಿ ಕೈಯಾಸರೆ ಇರಬೇಕು. ಅದನ್ನು ಮೂಲೆಗೆ ತಳ್ಳದೆ ಆ ಕೋಣೆಯ ಒಳ್ಳೆಯ ಚಿತ್ರದ ಎದುರಿಗೆ ಇಡಬೇಕು. ಆಗ ವಿಶ್ರಾಂತಿಯ ಹೊತ್ತೇ ಚಿತ್ರವನ್ನು ನಿಧಾನವಾಗಿ ನೋಡುವ ಹೊತ್ತೂ ಆಗುತ್ತದೆ.

ಮುಂದಿನ ಸಲ ಹೊರಡುವ ಮೊದಲು ದೂರವಾಣಿ ಮಾಡಿ ಗಾಲಿಕುರ್ಚಿ ಸಿಗುತ್ತದೆಯೇ ಎಂದು ವಿಚಾರಿಸಿ. ದಿನವೂ ಗಾಲಿಕುರ್ಚಿ ಬಳಸದವರು ಅದನ್ನು ಕೇಳಲು ಸಂಕೋಚಪಡುತ್ತಾರೆ. ಉದ್ದನೆಯ ಕೋಣೆಗಳನ್ನು ದಾಟಲು ಮಾತ್ರ ಅದನ್ನು ಬಳಸಿ, ಚಿತ್ರದ ಮುಂದೆ ಎದ್ದು ನಿಲ್ಲುವುದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ. ಇಡೀ ಸಂಗ್ರಹವನ್ನು ಒಂದೇ ದಿನ ಮುಗಿಸುವ ಹಟ ಬೇಡ. ತಾಯಿಯವರಿಗೆ ಇಷ್ಟವಾದ ನಾಲ್ಕೈದು ಚಿತ್ರಗಳು ಸಾಕು.

ಪ್ರಶ್ನೆ: ನಮ್ಮ ಊರಿನ ಹಳೆಯ ಬಂಗಲೆಯೊಂದರಲ್ಲಿ ಚಿತ್ರಶಾಲೆ ನಡೆಸುತ್ತಿದ್ದೇವೆ. ಜಗಲಿಗೆ ಮೂರು ಮೆಟ್ಟಿಲುಗಳಿವೆ. ಇಳಿಜಾರು ಕಟ್ಟಿದರೆ ಕಟ್ಟಡದ ಅಂದ ಕೆಡುತ್ತದೆಂದು ಸಮಿತಿಯಲ್ಲಿ ಕೆಲವರ ಅಭಿಪ್ರಾಯ. ಹಿಂಬಾಗಿಲಲ್ಲಿ ಹಲಗೆ ಹಾಕಿದರೆ ಸಾಲದೇ? ಕಾನೂನು ಏನು ಹೇಳುತ್ತದೆ? (ಹಾಸನ ಜಿಲ್ಲೆ)

ಮೊದಲು ಲೆಕ್ಕ ನೋಡೋಣ. ಒಂದು ಅಡಿ ಏರಲು ಕನಿಷ್ಠ ಹನ್ನೆರಡು ಅಡಿ ಉದ್ದ ಬೇಕೆಂಬುದು ಒಪ್ಪಿತವಾದ ಪ್ರಮಾಣ. ಮೂರು ಮೆಟ್ಟಿಲುಗಳು ಸೇರಿ 45 ಸೆಂಟಿಮೀಟರ್ ಎತ್ತರವಿದ್ದರೆ ಇಳಿಜಾರಿನ ಉದ್ದ 5.4 ಮೀಟರ್ ಆಗುತ್ತದೆ. ಅಗಲ 1.2 ಮೀಟರಿಗಿಂತ ಕಡಿಮೆ ಇರಬಾರದು. ಮೇಲೆ ಮತ್ತು ಕೆಳಗೆ ಗಾಲಿಕುರ್ಚಿ ತಿರುಗಲು ಒಂದೂವರೆ ಮೀಟರ್ ಉದ್ದಗಲದ ಸಮತಟ್ಟಾದ ಜಾಗ, ಎರಡೂ ಬದಿಗೆ 76 ಮತ್ತು 90 ಸೆಂಟಿಮೀಟರ್ ಎತ್ತರದಲ್ಲಿ ಹಿಡಿಕಂಬಿಗಳು, ಚಕ್ರ ಪಕ್ಕಕ್ಕೆ ಜಾರದಂತೆ ಅಂಚುಕಟ್ಟು ಬೇಕು. ಮೆಟ್ಟಿಲ ಮೇಲೆ ಎರಡು ಮೀಟರಿನ ಹಲಗೆ ಒರಗಿಸಿ ಅದನ್ನೇ ರ‍್ಯಾಂಪ್ ಎಂದು ಕರೆಯುವುದು ನಮ್ಮಲ್ಲಿ ರೂಢಿಯಾಗಿದೆ. ಆ ಕಡಿದಾದ ಹಲಗೆಯ ಮೇಲೆ ಗಾಲಿಕುರ್ಚಿ ಹಿಂದಕ್ಕೆ ಮಗುಚಿಕೊಳ್ಳುವ ಅಪಾಯವಿದೆ. ಇಬ್ಬರು ಎತ್ತಿಹಿಡಿದರೆ ಮಾತ್ರ ಹತ್ತಬಹುದಾದ ಇಳಿಜಾರನ್ನು ಕಟ್ಟಿಯೂ ಕಟ್ಟದಂತೆಯೇ.

ಹಿಂಬಾಗಿಲಿನ ಸಲಹೆಯನ್ನು ನಾನು ಒಪ್ಪಲಾರೆ. ಎಲ್ಲರೂ ಕಂಬಗಳ ಜಗಲಿ ದಾಟಿ ಒಳಬರುವಾಗ ಒಬ್ಬರು ಮಾತ್ರ ಕಸದ ಡಬ್ಬಿಗಳ ಪಕ್ಕದಿಂದ, ಬೀಗ ತೆಗೆಯುವವರಿಗಾಗಿ ಕಾದು ಬರಬೇಕೆಂಬ ವ್ಯವಸ್ಥೆ ಗೌರವದ್ದಲ್ಲ. ಹಳೆಯ ಕಟ್ಟಡದ ಬಗ್ಗೆ ಸಮಿತಿಯವರಿಗಿರುವ ಕಾಳಜಿಯೂ ಸರಿಯಾದದ್ದೇ. ಎರಡನ್ನೂ ಕಾಪಾಡುವ ದಾರಿಯಿದೆ. ಜಗಲಿಯ ಕಲ್ಲನ್ನು ಕೊರೆಯದೆ, ಗೋಡೆಗೆ ಮೊಳೆ ಹೊಡೆಯದೆ, ತನ್ನದೇ ಕಾಲುಗಳ ಮೇಲೆ ನಿಲ್ಲುವ ಉಕ್ಕಿನ ಅಥವಾ ಮರದ ಇಳಿಜಾರನ್ನು ಜಗಲಿಯ ಉದ್ದಕ್ಕೆ ಸಮಾನಾಂತರವಾಗಿ ನಿಲ್ಲಿಸಬಹುದು. ಮುಂದೆಂದಾದರೂ ತೆಗೆಯಬೇಕೆನಿಸಿದರೆ ಕಟ್ಟಡಕ್ಕೆ ಗಾಯವಾಗದಂತೆ ತೆಗೆಯಬಹುದು.

ಇಳಿಜಾರು ಮುಗಿದಲ್ಲಿಗೆ ಕೆಲಸ ಮುಗಿಯುವುದಿಲ್ಲ. ಹಳೆಯ ಮನೆಗಳ ಎತ್ತರದ ಹೊಸ್ತಿಲು, ಎರಡು ಕದಗಳಲ್ಲಿ ಒಂದನ್ನು ಮಾತ್ರ ತೆರೆದಿಡುವ ಅಭ್ಯಾಸ, ಮಡಚಿಕೊಳ್ಳುವ ಕಾಲೊರಸು ಇವೆಲ್ಲ ಗಾಲಿಗೆ ಅಡ್ಡಿಯೇ. ಬಾಗಿಲು ತೆರೆದಾಗ 90 ಸೆಂಟಿಮೀಟರ್ ಅಗಲ ಸಿಗಬೇಕು. ಶೌಚಾಲಯಕ್ಕೆ ಸುಮಾರು 2.2 ಮೀಟರ್ ಉದ್ದ, 2 ಮೀಟರ್ ಅಗಲದ ಜಾಗ ಬೇಕು. ಅದನ್ನು ಕಟ್ಟಿದ ಮೇಲೆ ಪೊರಕೆ, ಬಕೆಟ್ಟು, ಮುರಿದ ಕುರ್ಚಿಗಳನ್ನು ತುಂಬಿ ಬೀಗ ಹಾಕದಿರುವಂತೆ ನೋಡಿಕೊಳ್ಳುವುದು ಸಮಿತಿಯ ಹೊಣೆ. ಮಹಡಿಗೆ ಲಿಫ್ಟ್ ಹಾಕಲು ಸಾಧ್ಯವೇ ಇಲ್ಲವಾದರೆ, ಮುಖ್ಯವಾದ ಚಿತ್ರಗಳನ್ನು ಸರದಿಯ ಮೇಲೆ ಕೆಳಗಿನ ಕೋಣೆಗೆ ತನ್ನಿ. ಮೇಲಿನ ಚಿತ್ರಗಳನ್ನು ಪರದೆಯಲ್ಲಿ ತೋರಿಸುವುದು ಅದರ ನಂತರದ ಮಾತು.

ಕಾನೂನು ಸ್ಪಷ್ಟವಾಗಿದೆ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ 45ನೆಯ ಕಲಮಿನ ಪ್ರಕಾರ ಈಗಾಗಲೇ ಇರುವ ಸಾರ್ವಜನಿಕ ಕಟ್ಟಡಗಳನ್ನು ನಿಯಮಗಳು ಜಾರಿಗೆ ಬಂದ ಐದು ವರ್ಷಗಳೊಳಗೆ ಸುಗಮಗೊಳಿಸಬೇಕಿತ್ತು, ಅಂದರೆ ಅಂಗವಿಕಲರು ಅಡ್ಡಿಯಿಲ್ಲದೆ ಬಳಸುವಂತೆ ಮಾಡಬೇಕಿತ್ತು. ನಿಯಮಗಳು ಬಂದದ್ದು 2017ರ ಜೂನ್‌ನಲ್ಲಿ. ಗಡುವು 2022ರಲ್ಲೇ ಮುಗಿದಿದೆ. ಅದೇ ಅಧಿನಿಯಮದ 29ನೆಯ ಕಲಮು ಕಲೆಯನ್ನು ಅಂಗವಿಕಲರಿಗೆ ಎಟುಕುವಂತೆ ಮಾಡುವುದನ್ನು ಪ್ರತ್ಯೇಕವಾಗಿ ಹೆಸರಿಸುತ್ತದೆ. ರಾಜೀವ್ ರತೂರಿ ಪ್ರಕರಣದಲ್ಲಿ 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್, ಸುಗಮತೆಯ ಮಾನದಂಡಗಳು ಕೇವಲ ಸಲಹೆಯ ರೂಪದಲ್ಲಿರುವುದು ಅಧಿನಿಯಮಕ್ಕೆ ಹೊಂದುವುದಿಲ್ಲವೆಂದು ಹೇಳಿ, ಕಡ್ಡಾಯ ನಿಯಮಗಳನ್ನು ರೂಪಿಸುವಂತೆ ಕೇಂದ್ರ ಸರ್ಕಾರಕ್ಕೆ ನಿರ್ದೇಶನ ನೀಡಿತು. ಈ ಅಂಶಗಳನ್ನು ತಮ್ಮ ಸಮಿತಿಯ ಮುಂದಿಡಿ.

ಪ್ರಶ್ನೆ: ನಾನು ಹುಟ್ಟಿನಿಂದ ಅಂಧ. ಪದವಿ ತರಗತಿಯಲ್ಲಿ ಓದುತ್ತಿದ್ದೇನೆ. ಗೆಳೆಯರು ಚಿತ್ರಶಾಲೆಗೆ ಹೊರಟಾಗ "ನೀನು ಬಂದು ಏನು ಮಾಡುತ್ತೀ?" ಎಂದು ಪ್ರೀತಿಯಿಂದಲೇ ಕೇಳುತ್ತಾರೆ. ಅವರಿಗೆ ಏನು ಉತ್ತರ ಕೊಡಲಿ? (ಧಾರವಾಡ)

ಅವರ ಜೊತೆ ಹೋಗಿ. ತಮಗಾಗಿ ಅಲ್ಲಿ ಏನಿರಬೇಕು ಎಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಮುಟ್ಟಿ ನೋಡುವ ಕಲಾಶಾಲೆ ಹೊಸ ಕಲ್ಪನೆಯೇನಲ್ಲ. ಇಟಲಿಯ ಅಂಕೋನಾ ನಗರದಲ್ಲಿ ಆಲ್ಡೊ ಗ್ರಾಸಿನಿ ಮತ್ತು ಡಾನಿಯೆಲಾ ಬೊಟ್ಟೆಗೋನಿ ಎಂಬ ಅಂಧ ದಂಪತಿಯ ಪ್ರಯತ್ನದಿಂದ 1993ರಲ್ಲಿ ಓಮೆರೊ ಸ್ಪರ್ಶ ಸಂಗ್ರಹಾಲಯ ಆರಂಭವಾಯಿತು. ಜಗತ್ತಿನ ಪ್ರಸಿದ್ಧ ಶಿಲ್ಪಗಳ ಪ್ರತಿಕೃತಿಗಳನ್ನು ಅಲ್ಲಿ ಯಾರು ಬೇಕಾದರೂ ಕೈಯಾಡಿಸಿ ನೋಡಬಹುದು. ಸ್ಪೇನಿನ ಪ್ರಾಡೊ ಸಂಗ್ರಹಾಲಯ 2015ರಲ್ಲಿ ತನ್ನ ಆರು ವರ್ಣಚಿತ್ರಗಳನ್ನು ಉಬ್ಬುರೂಪದಲ್ಲಿ ಸಿದ್ಧಪಡಿಸಿ ಪ್ರದರ್ಶಿಸಿತು. ನಮ್ಮ ದೇಶದಲ್ಲಿ, ದೆಹಲಿಯ ರಾಷ್ಟ್ರೀಯ ಸಂಗ್ರಹಾಲಯ ಅದೇ ವರ್ಷದ ಡಿಸೆಂಬರ್‌ನಲ್ಲಿ 'ಅನುಭವ್' ಎಂಬ ಸ್ಪರ್ಶ ಗ್ಯಾಲರಿಯನ್ನು ತೆರೆದು, ತನ್ನ ಸಂಗ್ರಹದ 22 ವಸ್ತುಗಳ ಪ್ರತಿಕೃತಿಗಳನ್ನು ಬ್ರೈಲ್ ಫಲಕ ಮತ್ತು ಧ್ವನಿ ವಿವರಣೆಯೊಂದಿಗೆ ಇರಿಸಿತು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ಬಾಗಿಲು ತೆರೆದ ಮ್ಯಾಪ್ ಕಲಾ ಮತ್ತು ಛಾಯಾಚಿತ್ರ ಸಂಗ್ರಹಾಲಯವೂ ಸ್ಪರ್ಶ ಕೃತಿಗಳತ್ತ ಗಮನ ಕೊಟ್ಟಿದೆ.

ನಮ್ಮ ನಾಡಿನಲ್ಲಿ ಇದಕ್ಕೆ ಹೇಳಿ ಮಾಡಿಸಿದಂಥ ಕೃತಿಗಳೇ ಇವೆ ಎಂಬುದು ನನ್ನ ಬಲವಾದ ನಂಬಿಕೆ. ಚಿತ್ರಕಲಾವಿದ ಕೆ. ವೆಂಕಟಪ್ಪನವರು (1886–1965) ಜಲವರ್ಣದಲ್ಲಿ ಎಷ್ಟು ಪಳಗಿದ್ದರೋ ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನ ಉಬ್ಬುಶಿಲ್ಪದಲ್ಲೂ ಅಷ್ಟೇ ಪಳಗಿದ್ದರು. ಅಂಥ ಉಬ್ಬುಶಿಲ್ಪದ ಅಚ್ಚು ತೆಗೆದು, ಗಟ್ಟಿ ವಸ್ತುವಿನಲ್ಲಿ ಎರಕ ಹೊಯ್ದು, ಮೇಜಿನ ಮೇಲೆ ಓರೆಯಾಗಿ ಇಟ್ಟರೆ, ಚಿತ್ರವನ್ನು ಉಬ್ಬುರೂಪಕ್ಕೆ ತರುವ ಪ್ರಯಾಸವೇ ಇಲ್ಲದೆ ಕಲಾವಿದರ ಕೈಚಳಕ ಬೆರಳಿಗೆ ಸಿಗುತ್ತದೆ. ಹೊಯ್ಸಳ ಶಿಲ್ಪದ ಕೆತ್ತನೆಗೂ ಇದೇ ಮಾತು ಸಲ್ಲುತ್ತದೆ. ಮೂಲ ಕೃತಿಯನ್ನು ಮುಟ್ಟಬಾರದೆಂಬ ನಿಯಮಕ್ಕೆ ಕಾರಣವಿದೆ: ಕೈಯ ಬೆವರಿನ ಉಪ್ಪು ಮತ್ತು ಜಿಡ್ಡು ಲೋಹವನ್ನು ತಿನ್ನುತ್ತವೆ, ಕಲ್ಲನ್ನು ಕಪ್ಪಾಗಿಸುತ್ತವೆ. ಆದ್ದರಿಂದಲೇ ಒಳ್ಳೆಯ ಪ್ರತಿಕೃತಿ ಮಾಡಿಸುವ ಹೊಣೆ ಸಂಗ್ರಹಾಲಯದ್ದು.

ವರ್ಣಚಿತ್ರವನ್ನು ಉಬ್ಬಿಸುವಾಗ ಎಲ್ಲ ವಿವರಗಳನ್ನೂ ತುಂಬಿದರೆ ಬೆರಳಿಗೆ ಗೊಂದಲವಾಗುತ್ತದೆ. ಕಣ್ಣು ಮೊದಲು ಇಡಿಯನ್ನು ಕಂಡು ಆಮೇಲೆ ಬಿಡಿಗಳಿಗೆ ಹೋಗುತ್ತದೆ. ಬೆರಳು ಬಿಡಿಬಿಡಿಯಾಗಿ ಕಂಡು ಕೊನೆಗೆ ಇಡಿಯನ್ನು ಕೂಡಿಸಿಕೊಳ್ಳುತ್ತದೆ. ಆದ್ದರಿಂದ ಕೃತಿ ಎರಡು ಕೈಗಳ ಹರವಿಗೆ ಸಿಗುವಷ್ಟಿರಬೇಕು, ಅನಗತ್ಯ ಗೆರೆಗಳನ್ನು ಬಿಟ್ಟಿರಬೇಕು. ಜೊತೆಗೆ ವಿವರಿಸುವ ಧ್ವನಿ ಇರಬೇಕು. ಬ್ರೈಲ್ ಅಗತ್ಯವೇ, ಆದರೆ ನಡುವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡ ಅನೇಕರಿಗೆ ಬ್ರೈಲ್ ಬರುವುದಿಲ್ಲ.

ಮಾತಿನ ವಿವರಣೆ ಹೇಗಿರಬೇಕೆಂಬುದಕ್ಕೆ ಮೈಸೂರಿನ ಜಗನ್ಮೋಹನ ಅರಮನೆಯ ಗ್ಯಾಲರಿಯಲ್ಲಿರುವ, ಎಸ್.ಎಲ್. ಹಳದಣಕರ್ ಅವರ ದೀಪ ಹಿಡಿದ ಯುವತಿಯ ಚಿತ್ರವನ್ನು ತೆಗೆದುಕೊಳ್ಳೋಣ. (ಇದನ್ನು ರಾಜಾ ರವಿವರ್ಮರದೆಂದು ಹಲವರು ತಪ್ಪಾಗಿ ತಿಳಿದಿದ್ದಾರೆ.) "ಬಹಳ ಸುಂದರವಾದ, ಜಗತ್ಪ್ರಸಿದ್ಧ ಚಿತ್ರ" ಎಂದರೆ ತಮಗೆ ಏನೂ ತಿಳಿಯದು. ಹೀಗೆ ಹೇಳಬೇಕು: "ಇದು ಕಾಗದದ ಮೇಲಿನ ಜಲವರ್ಣ. ಅಗಲಕ್ಕಿಂತ ಎತ್ತರ ಹೆಚ್ಚು. ಸೀರೆಯುಟ್ಟ ಯುವತಿಯೊಬ್ಬಳು ಪೂರ್ಣ ನಿಲುವಿನಲ್ಲಿ ನಿಂತಿದ್ದಾಳೆ. ಒಂದು ಕೈಯಲ್ಲಿ ಎದೆಯ ಮಟ್ಟಕ್ಕೆ ದೀಪ ಹಿಡಿದಿದ್ದಾಳೆ. ಇನ್ನೊಂದು ಅಂಗೈಯನ್ನು ಜ್ವಾಲೆಗೆ ಮರೆಯಾಗಿ ಹಿಡಿದಿರುವುದರಿಂದ ಜ್ವಾಲೆ ನಮಗೆ ನೇರವಾಗಿ ಕಾಣುವುದಿಲ್ಲ; ಬೆರಳುಗಳ ನಡುವೆ ಅದರ ಕೆಂಪು ಮಾತ್ರ ಕಾಣುತ್ತದೆ. ಬೆಳಕು ಕೆಳಗಿನಿಂದ ಮೇಲಕ್ಕೆ ಅವಳ ಮುಖದ ಮೇಲೆ ಬಿದ್ದಿದೆ. ದೀಪದಿಂದ ದೂರ ಹೋದಂತೆ ಸೀರೆಯ ನೆರಿಗೆಗಳು ಮಬ್ಬಾಗುತ್ತವೆ. ಹಿಂದಿನ ಗೋಡೆಯ ಮೇಲೆ ಅವಳ ನೆರಳಿದೆ." ಮೊದಲು ವಸ್ತು ಮತ್ತು ಅಳತೆ, ಆಮೇಲೆ ಒಟ್ಟು ನೋಟ, ಆಮೇಲೆ ಬಿಡಿ ವಿವರ, ಅಭಿಪ್ರಾಯ ಕೊನೆಗೆ. ಕೇಳುವವರು ತಾವೇ ಒಂದು ಕೈಯಲ್ಲಿ ದೀಪ ಹಿಡಿದಂತೆ, ಇನ್ನೊಂದು ಕೈಯನ್ನು ಅದಕ್ಕೆ ಮರೆ ಮಾಡಿದಂತೆ ನಿಂತು ನೋಡಿದರೆ ಆ ಭಂಗಿ ಮೈಗೇ ತಿಳಿಯುತ್ತದೆ. ಅಂಧರ ಎದುರು ಬಣ್ಣದ ಮಾತೆತ್ತಬಾರದೆಂಬ ಹಿಂಜರಿಕೆಯನ್ನು ವಿವರಿಸುವವರು ಬಿಡಬೇಕು.

ತಮ್ಮ ಗೆಳೆಯರಿಗೆ ಈ ಕ್ರಮವನ್ನು ತಿಳಿಸಿ, ಒಂದು ಚಿತ್ರವನ್ನು ತಮಗೆ ವಿವರಿಸಲು ಕೇಳಿ. ತಮಗೆ ಹೇಳುವುದಕ್ಕಾಗಿ ಅವರೂ ಅದನ್ನು ಗಮನವಿಟ್ಟು ನೋಡಬೇಕಾಗುತ್ತದೆ.

ಪ್ರಶ್ನೆ: ಗ್ಯಾಲರಿಗಳಲ್ಲಿ ಚಿತ್ರದ ಪಕ್ಕದ ಫಲಕದಲ್ಲಿ ಇಂಗ್ಲಿಷ್ ಮಾತ್ರ ಇರುತ್ತದೆ, ಅಥವಾ ಕನ್ನಡ ಓದಲಾಗದಷ್ಟು ಸಣ್ಣದಾಗಿರುತ್ತದೆ. ಇದೂ ಸುಗಮತೆಯ ವಿಷಯವಲ್ಲವೇ? (ತುಮಕೂರು)

ನಿಸ್ಸಂದೇಹವಾಗಿ ಹೌದು. ಓದಲು ಬರುವ ಭಾಷೆಯಲ್ಲಿ ವಿವರ ಇಲ್ಲದಿದ್ದರೆ ಆರೋಗ್ಯವಂತ ಕಣ್ಣುಳ್ಳವರೂ ಹೊರಗಿನವರಾಗುತ್ತಾರೆ. ಕನ್ನಡ ಅಕ್ಷರಗಳಿಗೆ ತಮ್ಮದೇ ಅಗತ್ಯಗಳಿವೆ ಎಂಬುದನ್ನು ಫಲಕ ವಿನ್ಯಾಸ ಮಾಡುವವರು ಮರೆಯುತ್ತಾರೆ. ಇಂಗ್ಲಿಷಿನ ಅಳತೆಯಲ್ಲೇ ಕನ್ನಡವನ್ನೂ ಅಚ್ಚು ಮಾಡಿದರೆ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ, ಗುಣಿತದ ಚಿಹ್ನೆಗಳು ಮಸುಕಾಗುತ್ತವೆ. ಕನ್ನಡಕ್ಕೆ ಅಕ್ಷರದ ಗಾತ್ರವೂ ಸಾಲುಗಳ ನಡುವಿನ ಅಂತರವೂ ಹೆಚ್ಚಿರಬೇಕು. ಹೊಳಪಿನ ಗಾಜಿನ ಮೇಲೆ ಬೂದು ಅಕ್ಷರ ಬೇಡ. ಹೊಳಪಿಲ್ಲದ ತಿಳಿ ಹಿನ್ನೆಲೆಯ ಮೇಲೆ ಗಾಢವಾದ ಅಕ್ಷರ ಬೇಕು. ಗಾಲಿಕುರ್ಚಿಯಲ್ಲಿ ಕೂತವರಿಗೂ ನಿಂತವರಿಗೂ ಓದಲು ಸಿಗುವ ಎತ್ತರದಲ್ಲಿರಬೇಕು. ಜೊತೆಗೆ ಪ್ರವೇಶದಲ್ಲೇ ದೊಡ್ಡಕ್ಷರದ ಕೈಹಾಳೆ ಸಿಗುವಂತಿದ್ದರೆ ಇನ್ನೂ ಒಳ್ಳೆಯದು.

ಭಾಷೆಯ ಸರಳತೆಯೂ ಮುಖ್ಯ. ಹತ್ತನೆಯ ತರಗತಿ ಓದಿದವರು ಒಂದು ಓದಿಗೆ ಅರ್ಥಮಾಡಿಕೊಳ್ಳದ ಫಲಕವನ್ನು ತಿದ್ದಿ ಬರೆಯಬೇಕು. ಕಿವುಡ ಓದುಗರೊಬ್ಬರು ಬೇರೆ ಪತ್ರದಲ್ಲಿ ಕೇಳಿರುವ ಪ್ರಶ್ನೆಗೂ ಇಲ್ಲಿಯೇ ಉತ್ತರಿಸುತ್ತೇನೆ: ಕಿವುಡರಿಗೆ ಅಚ್ಚಾದ ಹಾಳೆ ಕೊಟ್ಟರೆ ಸಾಕೆಂಬ ತಿಳಿವಳಿಕೆ ಪೂರ್ತಿ ಸರಿಯಲ್ಲ. ಚಿಕ್ಕಂದಿನಿಂದ ಸಂಜ್ಞಾ ಭಾಷೆಯಲ್ಲಿ ಬೆಳೆದವರಿಗೆ ಅದೇ ಮೊದಲ ಭಾಷೆ, ಕನ್ನಡವಾಗಲಿ ಇಂಗ್ಲಿಷಾಗಲಿ ಎರಡನೆಯದು. ಭಾರತೀಯ ಸಂಜ್ಞಾ ಭಾಷೆಗೆ ತನ್ನದೇ ವ್ಯಾಕರಣವಿದೆ. ಆದ್ದರಿಂದ ಆ ಭಾಷೆಯ ವಿಡಿಯೊ ವಿವರಣೆ ಇರಬೇಕು, ಅದರಲ್ಲಿ ಕಿವುಡ ಕಲಾಸಕ್ತರೇ ವಿವರಿಸುವವರಾದರೆ ಉತ್ತಮ. ಗ್ಯಾಲರಿಯಲ್ಲಿ ತೋರಿಸುವ ಪ್ರತಿಯೊಂದು ಸಾಕ್ಷ್ಯಚಿತ್ರಕ್ಕೂ ಅಡಿಬರಹ ಇರಲೇಬೇಕು.

ಪ್ರಶ್ನೆ: ಹಳೆಯ ಚಿತ್ರಗಳಿರುವ ಕೋಣೆಗಳನ್ನು ಏಕೆ ಅಷ್ಟು ಕತ್ತಲಾಗಿ ಇಡುತ್ತಾರೆ? ನನ್ನ ಕಣ್ಣಿಗೆ ಏನೂ ಕಾಣುವುದಿಲ್ಲ. (ಉಡುಪಿ)

ಜಲವರ್ಣ ಮತ್ತು ಕಾಗದದ ಮೇಲಿನ ಕೃತಿಗಳಿಗೆ ಸುಮಾರು 50 ಲಕ್ಸ್ (ಮೇಲೆ ಬೀಳುವ ಬೆಳಕಿನ ಅಳತೆ), ತೈಲವರ್ಣಗಳಿಗೆ ಸುಮಾರು 200 ಲಕ್ಸ್ ಬೆಳಕು ಮಿತಿಯೆಂದು ಸಂಗ್ರಹಾಲಯಗಳು ಪಾಲಿಸುತ್ತವೆ. ಬೆಳಕಿನಿಂದಾಗುವ ಹಾನಿ ದಿನದಿನಕ್ಕೆ ಸೇರಿಕೊಳ್ಳುತ್ತಾ ಹೋಗುತ್ತದೆ. ಮಾಸಿದ ಬಣ್ಣ ಮರಳಿ ಬರುವುದಿಲ್ಲ. ವೆಂಕಟಪ್ಪನವರ ಊಟಿ, ಕೊಡೈಕೆನಾಲ್ ಜಲವರ್ಣಗಳು ಮೊಮ್ಮಕ್ಕಳ ಕಾಲಕ್ಕೂ ಉಳಿಯಬೇಕಾದರೆ ಈ ಮಿತಿ ಅಗತ್ಯ. ಆದರೆ ಅರವತ್ತು ದಾಟಿದವರ ಕಣ್ಣಿನ ಒಳಪರದೆಗೆ ತಲಪುವ ಬೆಳಕು ಇಪ್ಪತ್ತರ ಪ್ರಾಯದವರದಕ್ಕಿಂತ ಬಹಳ ಕಡಿಮೆ ಎಂಬುದೂ ನಿಜ. ಹೊರಗಿನ ಬಿಸಿಲಿನಿಂದ ನೇರವಾಗಿ ಒಳಬಾರದಂತೆ ನಡುವೆ ಮಂದ ಬೆಳಕಿನ ಒಂದು ಕೋಣೆ, ನೆಲ ಮತ್ತು ಮೆಟ್ಟಿಲಂಚಿಗೆ ಪ್ರತ್ಯೇಕ ಬೆಳಕು, ಫಲಕಕ್ಕೆ ಚಿತ್ರದ ಮೇಲೆ ಬೀಳದ ಸಣ್ಣ ದೀಪ ಇಷ್ಟಿದ್ದರೆ ಎರಡೂ ಕಡೆಗೆ ನ್ಯಾಯ ಸಲ್ಲುತ್ತದೆ. ತಾವು ಒಳಹೋದ ಮೇಲೆ ಕಣ್ಣು ಹೊಂದಿಕೊಳ್ಳಲು ಕೆಲವು ನಿಮಿಷ ಕೊಡಿ.

ಪ್ರಶ್ನೆ: ನನ್ನ ಮಗನಿಗೆ ಆಟಿಸಂ ಇದೆ. ಅವನಿಗೆ ಬಣ್ಣಗಳೆಂದರೆ ಪ್ರಾಣ. ಒಮ್ಮೆ ಗ್ಯಾಲರಿಯಲ್ಲಿ ಗದ್ದಲ ಹೆಚ್ಚಾಗಿ ಅವನು ಕಿವಿ ಮುಚ್ಚಿಕೊಂಡು ಕೂಗಿದ. ಕಾವಲುಗಾರರು ಗದರಿದರು, ಸುತ್ತಲಿದ್ದವರು ನನ್ನನ್ನೇ ನೋಡಿದರು. ಮತ್ತೆ ಹೋಗಲು ಧೈರ್ಯವಾಗುತ್ತಿಲ್ಲ. (ಬೆಂಗಳೂರು)

ತಮಗಾದ ನೋವು ಅರ್ಥವಾಗುತ್ತದೆ. ಅವನ ಕೂಗು ಅಶಿಸ್ತಲ್ಲ, ತಡೆಯಲಾರದಷ್ಟು ಸದ್ದು ಮೈಮೇಲೆ ಬಂದದ್ದರ ಫಲ. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಸಂಗ್ರಹಾಲಯಗಳು ಇಂಥ ಮಕ್ಕಳ ಕುಟುಂಬಗಳಿಗಾಗಿಯೇ ಕೆಲವು ದಿನ ಬೆಳಿಗ್ಗೆ ಸಾರ್ವಜನಿಕರಿಗಿಂತ ಮುಂಚೆ ಬಾಗಿಲು ತೆರೆಯುತ್ತವೆ. ಇದಕ್ಕೆ ದೊಡ್ಡ ಖರ್ಚಿಲ್ಲ. ನಮ್ಮ ಗ್ಯಾಲರಿಗಳೂ ವಾರದಲ್ಲಿ ಒಂದು ಗಂಟೆ ವಿಡಿಯೊಗಳ ಸದ್ದು ಅಡಗಿಸಿ, ಜನಸಂಖ್ಯೆ ಮಿತಗೊಳಿಸಿ ಇಂಥ ಅವಕಾಶ ಕೊಡಬಹುದು. ಹೊರಗೆ ಹೋಗಿ ಸುಧಾರಿಸಿಕೊಂಡು ಅದೇ ಟಿಕೆಟಿನಲ್ಲಿ ಮತ್ತೆ ಒಳಬರಲು ಬಿಡಬೇಕು. ಯಾವ ಕೋಣೆಯಲ್ಲಿ ಸದ್ದು, ಎಲ್ಲಿ ಮಿನುಗುವ ಬೆಳಕು, ಎಲ್ಲಿ ಸುಮ್ಮನೆ ಕೂರಬಹುದು ಎಂಬುದನ್ನು ತೋರಿಸುವ ನಕ್ಷೆಯೊಂದನ್ನು ಮೊದಲೇ ಕೊಡಬೇಕು.

ಎಲ್ಲಕ್ಕಿಂತ ಹೆಚ್ಚಿನ ಅಗತ್ಯ ಕಾವಲುಗಾರರ ತರಬೇತಿ. ಗ್ಯಾಲರಿಗೆ ಬಂದವರು ಮೊದಲು ಮಾತಾಡುವುದು ಮೇಲ್ವಿಚಾರಕರ ಜೊತೆಯಲ್ಲ, ಬಾಗಿಲಲ್ಲಿ ನಿಂತವರ ಜೊತೆ. ಗುತ್ತಿಗೆಯ ಮೇಲೆ ದುಡಿಯುವ ಅವರಿಗೆ ಕೃತಿಗಳನ್ನು ಕಾಯಬೇಕೆಂದು ಹೇಳಲಾಗುತ್ತದೆಯೇ ಹೊರತು ಇಂಥ ಸಂದರ್ಭದಲ್ಲಿ ಹೇಗೆ ನಡೆದುಕೊಳ್ಳಬೇಕೆಂದು ಯಾರೂ ಕಲಿಸುವುದಿಲ್ಲ. ಗುತ್ತಿಗೆದಾರರು ಬದಲಾದಾಗಲೆಲ್ಲ ತರಬೇತಿಯೂ ಮರುಕಳಿಸಬೇಕು. ತಾವು ವಾರದ ನಡುವಿನ ದಿನ, ಬಾಗಿಲು ತೆರೆದ ಕೂಡಲೇ ಹೋಗಿ. ಹಿಂದಿನ ದಿನ ಆ ಜಾಗದ ಫೋಟೊಗಳನ್ನು ಮಗನಿಗೆ ತೋರಿಸಿ, ಎಲ್ಲಿಂದ ಎಲ್ಲಿಗೆ ಹೋಗುತ್ತೇವೆ ಎಂಬುದನ್ನು ಕ್ರಮವಾಗಿ ಹೇಳಿಡಿ. ಹತ್ತು ನಿಮಿಷ ನೋಡಿ ಹಿಂದಿರುಗಿದರೂ ಅದು ಪೂರ್ಣ ಭೇಟಿಯೇ.

ಪ್ರಶ್ನೆ: ಸೌಲಭ್ಯವಿಲ್ಲದ ಸಂಗ್ರಹಾಲಯದ ಬಗ್ಗೆ ಯಾರಿಗೆ ದೂರು ಕೊಡಬೇಕು? (ಕಲಬುರಗಿ)

ಮೊದಲು ಸಂಗ್ರಹಾಲಯದ ಮುಖ್ಯಸ್ಥರಿಗೇ ಲಿಖಿತವಾಗಿ ಬರೆಯಿರಿ. "ಸೌಲಭ್ಯ ಸರಿಯಿಲ್ಲ" ಎಂದಷ್ಟೇ ಬರೆದರೆ ಪತ್ರ ಕಡತ ಸೇರುತ್ತದೆ. ಭೇಟಿ ಕೊಟ್ಟ ದಿನಾಂಕ, ಅಡ್ಡಿ ಎದುರಾದ ಜಾಗ, ಮೆಟ್ಟಿಲುಗಳ ಸಂಖ್ಯೆ, ಬಾಗಿಲಿನ ಅಗಲ, ಶೌಚಾಲಯದ ಸ್ಥಿತಿ ಇವನ್ನು ಫೋಟೊ ಸಹಿತ ಬರೆದು, ಏನಾಗಬೇಕೆಂಬುದನ್ನೂ ತಿಳಿಸಿ. ತಿದ್ದುಪಡಿ ಮಾಡುವ ಮೊದಲು ಸ್ಥಳೀಯ ವಿಕಲಚೇತನರನ್ನು ಕರೆಸಿ ಅವರಿಂದಲೇ ಪರೀಕ್ಷೆ ಮಾಡಿಸಬೇಕೆಂದು ಒತ್ತಾಯಿಸಿ. ನಕ್ಷೆಯ ಮೇಲೆ ಸರಿಯಿರುವ ಇಳಿಜಾರು ಗಾಲಿ ಉರುಳಿದಾಗಲೇ ತನ್ನ ದೋಷ ತೋರಿಸುವುದು.

ಉತ್ತರ ಬಾರದಿದ್ದರೆ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳ ಗಮನಕ್ಕೆ ತನ್ನಿ, ಬಳಿಕ 2016ರ ಅಧಿನಿಯಮದಡಿ ನೇಮಕವಾಗಿರುವ ರಾಜ್ಯ ಆಯುಕ್ತರಿಗೆ ದೂರು ಸಲ್ಲಿಸಿ. ಅಧಿನಿಯಮವನ್ನು ಉಲ್ಲಂಘಿಸಿದವರಿಗೆ ಮೊದಲ ಸಲ 10,000 ರೂಪಾಯಿವರೆಗೆ, ಮತ್ತೆ ಉಲ್ಲಂಘಿಸಿದರೆ 50,000 ರೂಪಾಯಿಗೆ ಕಡಿಮೆಯಿಲ್ಲದಂತೆ 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು 89ನೆಯ ಕಲಮಿನಲ್ಲಿ ಅವಕಾಶವಿದೆ. ಕಳಿಸಿದ ಪತ್ರದ ಪ್ರತಿಯನ್ನೂ ಸ್ವೀಕೃತಿಯನ್ನೂ ತಮ್ಮ ಬಳಿ ಇಟ್ಟುಕೊಳ್ಳಿ.